ಹಳೆಯ ಆಕ್ಟೇವಿಯಾ ಆರ್‌ಎಸ್‌ಗೆ ಮೂರು ಕಂಪ್ರೆಸರ್ ಹೌಸಿಂಗ್ ಹಾಕಿ ನೋಡಿದೆ

ನಮ್ಮ ಶೆಡ್ ಇರುವುದು ಸುರತ್ಕಲ್‌ನಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್. ಅಲ್ಲಿ ನನ್ನದೊಂದು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಉಂಟು. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಒಂದೊಂದು ಸಿಲಿಂಡರಿಗೆ ಐದು ವಾಲ್ವ್, ಕಂಪನಿಯಿಂದ ಬರುವಾಗ 150 ಅಶ್ವಶಕ್ತಿ. ಈಗ ಅದರಲ್ಲಿ ಹಳೆಯ ಚಿಕ್ಕ ಟರ್ಬೊ ಇಲ್ಲ. ಕನೆಕ್ಟಿಂಗ್ ರಾಡ್ ಬದಲಾಯಿಸಿ, ಗ್ಯಾರೆಟ್ ಕಂಪನಿಯ ದೊಡ್ಡ ಟರ್ಬೊ ಜಿಟಿ2871ಆರ್ ಕೂರಿಸಿದ್ದೇನೆ. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ಕೊಡುವ ಯಂತ್ರ. ಅದರಲ್ಲಿ ಗಾಳಿ ತಳ್ಳುವ ಬ್ಲೇಡುಗಳ ಚಕ್ರವೇ ವೀಲ್, ಆ ವೀಲಿನ ಸುತ್ತ ಇರುವ ಸುರುಳಿಯಾಕಾರದ ಚಿಪ್ಪೇ ಕಂಪ್ರೆಸರ್ ಹೌಸಿಂಗ್. ಗಾಡಿ ಓಡುವುದು ಆಟೋಕ್ರಾಸ್, ಅಂದರೆ ಸಮಯ ಅಳೆದು ಓಡಿಸುವ ಸ್ಪರ್ಧೆಯ ಮೈದಾನದಲ್ಲಿ ಮಾತ್ರ. ಅಲ್ಲಿಯವರೆಗೆ ಲಾರಿಯ ಮೇಲೇ ಹೋಗುತ್ತದೆ. ಎಂಜಿನ್‌ಗೆ ಇಷ್ಟು ಬದಲಾವಣೆ ಮಾಡಿದ ಕಾರನ್ನು ಊರ ರಸ್ತೆಯಲ್ಲಿ ಓಡಿಸಲು ಕಾನೂನು ಬಿಡುವುದಿಲ್ಲ.

ಟರ್ಬೊ ಕೂರಿಸಿದ ಮೊದಲ ದಿನವೇ ಒಂದು ತೊಂದರೆ ಕಾಣಿಸಿತು. ಮೂರನೇ ಗೇರ್, ಪೆಡಲ್ ಪೂರ್ತಿ ಕೆಳಗೆ, 3,500 ಆರ್‌ಪಿಎಂ ದಾಟುವಾಗ ಪಟಪಟ ಸದ್ದು. ಒಣಗಿದ ತೆಂಗಿನ ಗರಿ ಗಾಳಿಗೆ ಗೋಡೆಗೆ ಬಡಿದ ಹಾಗೆ. ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ತೋರಿಸುವ ಮೀಟರಿನ ಮುಳ್ಳು ನಡುಗುತ್ತಿತ್ತು. 4,000 ದಾಟಿದರೆ ಎಲ್ಲ ಸರಿ. ಕೆಲವರು ಇದನ್ನು ಖುಷಿಯ ಸದ್ದು ಅಂದುಕೊಳ್ಳುತ್ತಾರೆ. ಪೆಡಲ್ ಬಿಟ್ಟಾಗ ಕೇಳಿಸುವ ಸದ್ದು ಬೇರೆ ವಿಷಯ. ಒತ್ತಿ ಹಿಡಿದಿರುವಾಗಲೇ ಹೀಗೆ ಬಡಿದರೆ ಅದು ಸರ್ಜ್. ವೀಲ್ ತಳ್ಳುವಷ್ಟು ಗಾಳಿಯನ್ನು ಎಂಜಿನ್ ಕುಡಿಯುತ್ತಿಲ್ಲ, ಗಾಳಿ ಹಿಂದಕ್ಕೆ ಹೊಡೆಯುತ್ತಿದೆ ಎಂದು ಅರ್ಥ. ಪ್ರತಿ ಹೊಡೆತವೂ ಶಾಫ್ಟಿನ ಬೇರಿಂಗ್ ಮೇಲೆ ಬೀಳುತ್ತದೆ.

ಲೆಕ್ಕ ಹಾಕಿ ನೋಡಿದೆ. ಎಂಜಿನ್ 1,781 ಸಿಸಿ. ನನ್ನ ಬೂಸ್ಟ್ 15 ಪಿಎಸ್‌ಐ. 6,500 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ ಸುಮಾರು 26 ಪೌಂಡ್ ಗಾಳಿ ಎಳೆಯುತ್ತದೆ. 3,500ರಲ್ಲಿ ಬರೀ 14. ಅಷ್ಟು ಕಡಿಮೆ ಗಾಳಿಗೆ 71 ಮಿಲಿಮೀಟರ್ ವೀಲ್ ದೊಡ್ಡದಾಯಿತು. ಅದರ ಮೇಲೆ ಎತ್ತರದ ವಿಷಯವೂ ಉಂಟು. ಸುರತ್ಕಲ್‌ನಲ್ಲಿ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ, ಅದಕ್ಕೆ 15 ಸೇರಿಸಿ ಮತ್ತೆ 14.7ರಿಂದ ಭಾಗಿಸಿದರೆ ಒತ್ತಡದ ಅನುಪಾತ 2.02. ಘಟ್ಟ ಹತ್ತಿ ಚಿಕ್ಕಮಗಳೂರು ಕಡೆ ಸಾವಿರ ಮೀಟರ್ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ 13ರ ಹತ್ತಿರ. ಮೀಟರ್ ಅದೇ 15 ತೋರಿಸುತ್ತದೆ, ಅನುಪಾತ ಮಾತ್ರ 2.15 ಆಗುತ್ತದೆ. ಅಂದರೆ ಸರ್ಜ್ ಶುರುವಾಗುವ ಗೆರೆ ಇನ್ನೂ ಹತ್ತಿರ. ಕೆಳಗೆ ಸ್ವಲ್ಪ ಬಡಿದ ಗಾಡಿ ಅಲ್ಲಿನ ಮೈದಾನದಲ್ಲಿ ಜೋರಾಗಿಯೇ ಬಡಿಯಿತು.

ಇದಕ್ಕೆ ಮದ್ದು ಪೋರ್ಟೆಡ್ ಶ್ರೌಡ್ ಹೌಸಿಂಗ್. ವೀಲಿನ ಬ್ಲೇಡುಗಳ ಮುಂದಿನ ಅಂಚಿನಿಂದ ಸ್ವಲ್ಪ ಒಳಗೆ, ಗೋಡೆಯ ಸುತ್ತ ಒಂದು ಸೀಳು ಇರುತ್ತದೆ. ಗಾಳಿ ಕಡಿಮೆ ಹರಿಯುವಾಗ ಹೆಚ್ಚಾದದ್ದು ಈ ಸೀಳಿನಿಂದ ಹೊರಬಂದು ಮತ್ತೆ ಬಾಯಿಯ ಹತ್ತಿರ ಸೇರಿಕೊಳ್ಳುತ್ತದೆ. ಹಾಗಾಗಿ ವೀಲಿಗೆ ಗಾಳಿ ಯಾವಾಗಲೂ ಸಾಕಷ್ಟು ಸಿಗುತ್ತದೆ. ಇದು ಪುಕ್ಕಟೆ ಅಲ್ಲ. ತಿರುಗಿ ಬಂದ ಗಾಳಿಯನ್ನು ಎರಡು ಸಲ ಒತ್ತಬೇಕು, ಅಲ್ವಾ? ದಕ್ಷತೆ ಸ್ವಲ್ಪ ಇಳಿಯುತ್ತದೆ.

ಮೊದಲು ನಾನು ಆನ್‌ಲೈನ್‌ನಲ್ಲಿ ಒಂದು ಅಗ್ಗದ ಹೌಸಿಂಗ್ ತರಿಸಿದೆ. 9,500 ರೂಪಾಯಿ. ಕನ್ನಡಿಯ ಹಾಗೆ ಪಾಲಿಶ್ ಮಾಡಿದ್ದರು. ಬಾಯಿ 4 ಇಂಚು, ಹೊರಬಾಯಿ 2 ಇಂಚು, ಮೇಲೆ ಎ/ಆರ್ 0.60 ಎಂದು ಎರಕದಲ್ಲೇ ಇತ್ತು (ಇದೇನೆಂದು ಮುಂದೆ ಹೇಳುತ್ತೇನೆ). ಕೂರಿಸಿ ಓಡಿಸಿದೆ. ಪಟಪಟ ಕಡಿಮೆಯಾಯಿತು, ಹೌದು. ಆದರೆ ಬೂಸ್ಟ್ ಬರುವುದು ಸುಮಾರು 400 ಆರ್‌ಪಿಎಂ ತಡ. ಮೇಲಿನ ಆರ್‌ಪಿಎಂನಲ್ಲಿ ಇಂಟೇಕ್ ಗಾಳಿಯ ಬಿಸಿ ಮೊದಲಿಗಿಂತ ಜಾಸ್ತಿ. ಏನೋ ಸರಿ ಇಲ್ಲ ಅನ್ನಿಸಿ ಬಿಚ್ಚಿ, ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಗೆ ತೆಗೆದುಕೊಂಡು ಹೋದೆ.

ಅಲ್ಲಿನ ಅಣ್ಣ ಮೀನುಗಾರಿಕಾ ಬೋಟುಗಳ ಶಾಫ್ಟ್ ಕೆಲಸ ಮಾಡಿ ಮಾಡಿ ಕೈ ಪಳಗಿದವರು. ಹೌಸಿಂಗನ್ನು ಮೇಜಿನ ಮೇಲಿಟ್ಟು ಒಳಬೋರ್‌ಗೆ ಗೇಜ್ ಹಾಕಿದರು. ಒಂದು ಕಡೆ 54.6, ಅದಕ್ಕೆ ಅಡ್ಡ 55.1.

‘ಎಂತ ಮಾರಾಯ್ರೇ ಇದು? ಇದಕ್ಕೆ ರೌಂಡೇ ಇಲ್ಲ.’

‘ಲೇತ್‌ಗೆ ಕಟ್ಟಿ ಸರಿ ಮಾಡಲಿಕ್ಕೆ ಆಗ್ತದಾ ಅಣ್ಣ?’

‘ಕೊರೆದು ತೆಗೀಬಹುದು. ತುಂಬಿಸ್ಲಿಕ್ಕೆ ಆಗುದಿಲ್ಲ. ಈಗಲೇ ಗ್ಯಾಪ್ ಜಾಸ್ತಿ ಉಂಟಲ್ಲ ನಿಮ್ದು.’

ಅವರು ಹೇಳಿದ್ದೇ ಇಡೀ ವಿಷಯ. ನನ್ನ ವೀಲಿನ ಬಾಯಿ, ಅಂದರೆ ಗಾಳಿ ಒಳಹೋಗುವ ಬದಿಯ ಅಗಲ, 53.1 ಮಿಲಿಮೀಟರ್; ಮೊದಲು ಹೇಳಿದ 71 ಗಾಳಿ ಹೊರಬೀಳುವ ಬದಿಯದು. ಆ ಹೌಸಿಂಗ್‌ನಲ್ಲಿ ಗ್ಯಾಪ್ ಒಂದು ಬದಿ ಮುಕ್ಕಾಲು ಮಿಲಿಮೀಟರ್, ಇನ್ನೊಂದು ಬದಿ ಒಂದು ಮಿಲಿಮೀಟರ್. ಇರಬೇಕಾದದ್ದು ಅರ್ಧ ಮಿಲಿಮೀಟರಿಗಿಂತ ಕಡಿಮೆ, ಅದೂ ಸುತ್ತಲೂ ಒಂದೇ ಸಮ. ಗ್ಯಾಪ್ ದೊಡ್ಡದಾದರೆ ಬ್ಲೇಡಿನ ತುದಿಯಿಂದ ಗಾಳಿ ಸೋರಿ ಸುಮ್ನೆ ಒಳಗೇ ಸುತ್ತಿ ಬಿಸಿಯಾಗುತ್ತದೆ. ಸರ್ಜ್ ಕಡಿಮೆಯಾದದ್ದರಲ್ಲಿ ಸೀಳಿನ ಪಾಲೆಷ್ಟು, ಈ ಸೋರಿಕೆಯ ಪಾಲೆಷ್ಟು ಎಂಬ ಸಂಶಯ ನನಗೆ ಈಗಲೂ ಇದೆ. ಮಾರಿದವರಿಗೆ ಅಳತೆಯ ಫೋಟೊ ಕಳಿಸಿದೆ. ಒಮ್ಮೆ ಕೂರಿಸಿದ ಮಾಲು ವಾಪಸ್ ಇಲ್ಲ ಎಂದರು. ಬೇಸರವಾಯಿತು. ಅಳೆಯದೆ ಕೂರಿಸಿದ್ದು ನನ್ನ ತಪ್ಪೇ.

ಅಳತೆ ನೋಡಿ ಕೊಡುವ ಬಿಡಿಭಾಗದವರ ಹತ್ತಿರ ಸರಿಯಾದದ್ದನ್ನು ತರಿಸಲು 32,000 ರೂಪಾಯಿ ಆಯಿತು. ಇದಕ್ಕೆ ಪಾಲಿಶ್ ಇಲ್ಲ, ಎರಕದ ಮಂಕು ಬಣ್ಣವೇ. ಆದರೆ ಒಳಗೆ ಬೆರಳಾಡಿಸಿದರೆ ಸುರುಳಿಯ ಗೋಡೆ ನುಣುಪು. ಸೀಳಿನ ಅಂಚಿನಲ್ಲಿ ಚೂಪು ಉಳಿದಿಲ್ಲ. ಅದೇ ಅಣ್ಣನ ಹತ್ತಿರ ಅಳೆಸಿದೆ: ನಾಲ್ಕು ಕಡೆಯೂ 53.8. ಅಂದರೆ ಸುತ್ತ 0.35 ಗ್ಯಾಪ್. ಶೆಡ್‌ನಲ್ಲಿ ಕೂರಿಸಿದ ಮೇಲೆ ಫೀಲರ್ ಗೇಜ್ ಹಾಕಿ ಮತ್ತೊಮ್ಮೆ ನೋಡಿದೆ, ಅಷ್ಟೇ ಇತ್ತು.

ಫಲ ಹೇಳುತ್ತೇನೆ. ಪಟಪಟ ಪೂರ್ತಿ ನಿಂತಿತು, ಘಟ್ಟದ ಮೇಲೂ. ಬೂಸ್ಟ್ ಬರುವುದು ಮೊದಲಿದ್ದ, ಸೀಳಿಲ್ಲದ ಸಾದಾ ಹೌಸಿಂಗಿಗಿಂತ ನೂರು ಆರ್‌ಪಿಎಂ ತಡವಾಗಿರಬಹುದು. ಸೀಟಿನಲ್ಲಿ ಕೂತರೆ ನನಗೆ ಗೊತ್ತಾಗುವುದಿಲ್ಲ, ಓಡುವಾಗ ದಾಖಲಾದ ಲಾಗ್‌ನಲ್ಲಿ ಕಾಣುತ್ತದೆ. ತಿರುವಿನಿಂದ ಹೊರಬರುವಾಗ ಈಗ ಮೂರನೇ ಗೇರಿನಲ್ಲೇ ಧೈರ್ಯವಾಗಿ ಪೆಡಲ್ ಒತ್ತುತ್ತೇನೆ. ಮೊದಲು ಹೆದರಿ ಎರಡಕ್ಕೆ ಇಳಿಸುತ್ತಿದ್ದೆ. ಮಣ್ಣಿನ ಟ್ರ್ಯಾಕಿನಲ್ಲಿ ಇದು ಎಷ್ಟು ದೊಡ್ಡ ನೆಮ್ಮದಿ ಎಂದು ಓಡಿಸಿದವರಿಗೆ ತಿಳಿಯುತ್ತದೆ. ಟರ್ಬೊದ ಸಿಳ್ಳೆ ಮಾತ್ರ ಜಾಸ್ತಿಯಾಗಿದೆ.

ಎ/ಆರ್ ಬಗ್ಗೆ ಒಂದು ಮಾತು. ತುಂಬ ಜನ ನನ್ನ ಹತ್ತಿರ ಕೇಳುವುದು ಇದನ್ನೇ, 0.60 ಬೇಕಾ, 0.70 ಬೇಕಾ ಎಂದು. ಸುರುಳಿಯ ಕೊಳವೆಯ ಅಡ್ಡ ವಿಸ್ತೀರ್ಣವನ್ನು, ಶಾಫ್ಟಿನ ನಡುವಿನಿಂದ ಆ ವಿಸ್ತೀರ್ಣದ ನಡುವಿಗೆ ಇರುವ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಹೊಗೆಯ ಬದಿಯ ಹೌಸಿಂಗ್‌ನಲ್ಲಿ ಈ ಸಂಖ್ಯೆ ಬದಲಾದರೆ ಗಾಡಿಯ ಸ್ವಭಾವವೇ ಬದಲಾಗುತ್ತದೆ. ಗಾಳಿಯ ಬದಿಯಲ್ಲಿ ಅಷ್ಟು ವ್ಯತ್ಯಾಸ ಬರುವುದಿಲ್ಲ. ಇಲ್ಲಿ ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ವೀಲಿನ ಅಂಚಿನ ಬಳುಕು ಮತ್ತು ಹೌಸಿಂಗಿನ ಒಳಗಿನ ಬಳುಕು ಒಂದಕ್ಕೊಂದು ಸರಿಯಾಗಿ ಹೊಂದುತ್ತವಾ, ಅದನ್ನು ಕೇಳಿ.

ಕೂರಿಸುವಾಗ ನಾನು ಕಂಡದ್ದು. 4 ಇಂಚಿನ ಬಾಯಿಗೆ ನನ್ನ 3 ಇಂಚಿನ ಪೈಪ್ ಹಿಡಿಯಲಿಲ್ಲ, ಸಿಲಿಕೋನ್ ರೆಡ್ಯೂಸರ್ ಬೇಕಾಯಿತು. ಅದನ್ನು ತೀರಾ ಒಳಗೆ ತುರುಕಿದರೆ ಸೀಳಿನ ದಾರಿ ಮುಚ್ಚಿಹೋಗುತ್ತದೆ, ಕೊಟ್ಟ ದುಡ್ಡು ನೀರಿಗೆ. ಹೊರಬಾಯಿಯನ್ನು ಬೇಕಾದ ಕಡೆ ತಿರುಗಿಸಲು ಬೋಲ್ಟ್ ಸಡಿಲ ಮಾಡುವಾಗ ಹೌಸಿಂಗ್ ಓರೆಯಾಗಲು ಬಿಡಬೇಡಿ, ಬ್ಲೇಡಿನ ತುದಿ ತಾಗಿ ಬಗ್ಗುತ್ತದೆ. ಓ-ರಿಂಗ್ ಪ್ರತಿ ಸಲ ಹೊಸದು ಹಾಕಿ. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದ ಹಾಗೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ತೆರೆಯುವ ಆಕ್ಚುಯೇಟರಿನ ಬ್ರಾಕೆಟ್ ತೂತುಗಳು ಎಲ್ಲಿವೆ ಎಂದು ದುಡ್ಡು ಕೊಡುವ ಮೊದಲೇ ನೋಡಿ. ಆ ಅಗ್ಗದ ಹೌಸಿಂಗಿಗೆ ನಾನು ಬೇರೆ ಬ್ರಾಕೆಟ್ ಮಾಡಿಸಬೇಕಾಗಿತ್ತು.

ನಮ್ಮ ಕರಾವಳಿಯವರಿಗೆ ಇನ್ನೊಂದು. ಉಪ್ಪುಗಾಳಿಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ. ಆ ಪಾಲಿಶ್ ಹೌಸಿಂಗ್ ಒಂದೇ ಮಳೆಗಾಲದಲ್ಲಿ ಮಂಕಾಗಿ ಚುಕ್ಕೆ ಚುಕ್ಕೆಯಾಯಿತು. ಅಲ್ಯೂಮಿನಿಯಂಗೆ ಉಕ್ಕಿನ ಬೋಲ್ಟ್ ಹಾಕಿದರೆ ಕಚ್ಚಿಕೊಂಡು ಬಿಡುತ್ತದೆ. ಬಿಚ್ಚಲು ಹೋದರೆ ಎಳೆಯೇ ಕಿತ್ತು ಬರುತ್ತದೆ. ಆಂಟಿ-ಸೀಜ್ ಪೇಸ್ಟ್ ಹಚ್ಚಿಯೇ ಬಿಗಿಯಿರಿ. ಕೆಂಪು ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವವರು ಫಿಲ್ಟರ್ ಇಲ್ಲದೆ ಒಂದು ಸುತ್ತೂ ಹೋಗಬೇಡಿ. ಆ ಧೂಳು ಬ್ಲೇಡಿನ ಅಂಚನ್ನು ಉಜ್ಜಿ ಸವೆಸುತ್ತದೆ, ಆಗ 0.35 ಗ್ಯಾಪ್ ಉಳಿಯುವುದಿಲ್ಲ.

ಎಲ್ಲರಿಗೂ ಇದು ಬೇಕಾ? ಬೇಡ. ನಿಮ್ಮ 1.8 ಲೀಟರ್ ಎಂಜಿನ್‌ಗೆ 60 ಮಿಲಿಮೀಟರ್ ವೀಲಿನ ಚಿಕ್ಕ ಟರ್ಬೊ ಇದ್ದು, ಪೆಡಲ್ ಒತ್ತಿದಾಗ ಪಟಪಟ ಇಲ್ಲದಿದ್ದರೆ ಸಾದಾ ಹೌಸಿಂಗೇ ಇರಲಿ. ಆ 32,000ದಲ್ಲಿ ಟರ್ಬೊ ಗಾಳಿಯನ್ನು ತಣಿಸುವ ಒಳ್ಳೆಯ ಇಂಟರ್‌ಕೂಲರ್ ನೋಡಿ. ನನ್ನ ಹಾಗೆ ಚಿಕ್ಕ ಎಂಜಿನ್‌ಗೆ ದೊಡ್ಡ ವೀಲ್ ಹಾಕಿದವರು ಮಾತ್ರ ಇದನ್ನು ಕೊಳ್ಳಿ. ಕೈಗೆ ಬಂದ ದಿನವೇ ಒಂದು ಒಳ್ಳೆಯ ಲೇತ್ ಅಂಗಡಿಗೆ ಒಯ್ದು ಅಳೆಸಿ. ಬೈಕಂಪಾಡಿಯ ಅಣ್ಣ ಅದಕ್ಕೆ ನನ್ನಿಂದ 200 ರೂಪಾಯಿ ತೆಗೆದುಕೊಂಡರು.