ಹಸಿ ಕಸಕ್ಕೆ ಯಾವ ದಾರಿ: ಆಲಪ್ಪುಳವೋ, ಇಂದೋರೋ?

ಸಂವಿಧಾನದ 12ನೇ ಅನುಸೂಚಿಯು ಘನತ್ಯಾಜ್ಯ ನಿರ್ವಹಣೆಯನ್ನು ನಗರ ಸ್ಥಳೀಯ ಸಂಸ್ಥೆಗಳ ವಿಷಯವೆಂದು ಗುರುತಿಸಿದೆ. ಹಸಿ ಕಸವನ್ನು ವಾರ್ಡಿನಲ್ಲಿಯೇ ಕೊಳೆಸಬೇಕೋ, ಒಂದೆಡೆಗೆ ಸಾಗಿಸಿ ಸಂಸ್ಕರಿಸಬೇಕೋ ಎಂಬುದನ್ನು ಮಾತ್ರ ಪುರಸಭೆಯೇ ಯೋಚಿಸಬೇಕು.

ಕೇರಳದ ಆಲಪ್ಪುಳದಲ್ಲಿ, ನಗರದ ಕಸ ತಮ್ಮೂರಿಗೆ ಬರಕೂಡದೆಂದು 2012ರಲ್ಲಿ ಸರ್ವೋದಯಪುರದ ಜನ ಲಾರಿಗಳನ್ನು ತಡೆದ ಮೇಲೆ, ನಗರಸಭೆಯು ಮನೆಗಳಿಗೆ ಪೈಪ್ ಕಾಂಪೋಸ್ಟ್ ಮತ್ತು ಜೈವಿಕ ಅನಿಲ ಘಟಕಗಳನ್ನೂ ಬೀದಿಗಳಿಗೆ ಸಾಮೂಹಿಕ ಗೊಬ್ಬರ ತೊಟ್ಟಿಗಳನ್ನೂ ಒದಗಿಸಿತು. ಸಾಗಣೆಯ ಖರ್ಚು ಇಲ್ಲಿ ಬಹಳ ಕಡಿಮೆ. ಆದರೆ ತೊಟ್ಟಿಗೆ ಎಲೆ, ಒಣ ಪದಾರ್ಥ ಬೆರೆಸುವ ಕೆಲಸವನ್ನು ಒಂದು ವಾರ ಕೈಬಿಟ್ಟರೂ ದುರ್ವಾಸನೆ ಏಳುತ್ತದೆ, ದೂರು ನೇರವಾಗಿ ವಾರ್ಡ್ ಸದಸ್ಯರ ಮನೆಬಾಗಿಲಿಗೆ ಬರುತ್ತದೆ (ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ).

ಇಂದೋರಿನಲ್ಲಿ ಮನೆಮನೆಯಿಂದ ವಿಂಗಡಿಸಿ ತಂದ ಹಸಿ ಕಸ, 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ, ದಿನಕ್ಕೆ 550 ಟನ್ ಸಾಮರ್ಥ್ಯದ ಘಟಕದಲ್ಲಿ ವಾಹನ ಇಂಧನವಾಗುತ್ತದೆ. ವಿಂಗಡಣೆ ಸಡಿಲಾದರೆ ಇಂಥ ಯಂತ್ರ ನಡೆಯದು.

ಜಾಗವಿಲ್ಲದ, ಹೋಟೆಲು ಮತ್ತು ಮಾರುಕಟ್ಟೆಗಳಿಂದ ಕಿಕ್ಕಿರಿದ ಮಹಾನಗರಕ್ಕೆ ಇಂದೋರಿನ ದಾರಿ ಅನಿವಾರ್ಯವಿರಬಹುದು. ಹಿತ್ತಿಲುಗಳು ಇನ್ನೂ ಉಳಿದಿರುವ ನಮ್ಮ ತಾಲ್ಲೂಕು ಕೇಂದ್ರಗಳ ಪುರಸಭೆಗಳು ದೊಡ್ಡ ಘಟಕಕ್ಕೆ ಟೆಂಡರು ಕರೆಯುವ ಮೊದಲು, ಎರಡು ವಾರ್ಡುಗಳಲ್ಲಿ ಆಲಪ್ಪುಳದ ಕ್ರಮವನ್ನು ಒಂದು ಮಳೆಗಾಲ ಪೂರ್ತಿ ನಡೆಸಿ ನೋಡುವುದು ಲೇಸು. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಗೊಬ್ಬರ ತೊಟ್ಟಿಯ ನಿಜವಾದ ಪರೀಕ್ಷೆ ಆಗಲೇ ಆಗುವುದು.