ತೋಟದ ಮನೆಯಲ್ಲಿ ಹಿರಿಯರಿದ್ದಾರಾ? ಚಿಲಕ ಯಾವ ಕಡೆ ಇದೆ ನೋಡಿ

ಕೊಡಗಿನ ತೋಟದ ಮನೆಯಲ್ಲಿ ವಯಸ್ಸಾದ ಅಪ್ಪ, ಅಮ್ಮ, ಅತ್ತೆ, ದೊಡ್ಡಪ್ಪ ಅಂತ ಯಾರನ್ನಾದರೂ ಬಿಟ್ಟು ಬೆಂಗಳೂರಲ್ಲೋ ಮೈಸೂರಲ್ಲೋ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಿರಿಯರ ಮೇಲೆ ದೌರ್ಜನ್ಯ ಅಂದರೆ ಹೊಡೆತ, ಬೈಗುಳ ಅಂತಲೇ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಸೋದರತ್ತೆಯ ಮೈಮೇಲೆ ಒಂದು ಗಾಯವೂ ಇರಲಿಲ್ಲ. ನಮಗೆ ಕಾಣಿಸಿದ್ದು ಬರೀ ನೆಪಗಳು. ನಮ್ಮ ಜಿಲ್ಲೆಯಲ್ಲಿ ನೆಪಕ್ಕೇನು ಬರವಾ?

ಅತ್ತೆಗೆ 78 ವರ್ಷ. ಸೋಮವಾರಪೇಟೆ ಕಡೆ ಮಾವ ಕೊಂಡುಕೊಂಡ ಸಣ್ಣ ಕಾಫಿ ತೋಟ ಇದೆ. ಮಾವ ಮಿಲಿಟರಿಯಲ್ಲಿದ್ದವರು, ಅವರು ತೀರಿಕೊಂಡ ಮೇಲೆ ಅತ್ತೆಗೆ ಕುಟುಂಬ ಪಿಂಚಣಿ ಬರುತ್ತದೆ. ಮಕ್ಕಳಿಲ್ಲ. ಮಾವನ ತಮ್ಮನ ಮಗ ಹೆಂಡತಿ ಸಮೇತ ಬಂದು, ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಅಂದ. ಅತ್ತೆ ಮನೆ, ತೋಟ ಎರಡನ್ನೂ ಅವನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು.

ಆಮೇಲೆ ಅತ್ತೆಯ ಫೋನ್ ಸಿಗುವುದು ಕಮ್ಮಿಯಾಯಿತು. ಕೇಳಿದರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಮಳೆಗಾಲದಲ್ಲಿ ಹೊರಟರೆ ಮರ ಬಿದ್ದು ದಾರಿ ಬಂದ್. ಮಳೆ ನಿಂತರೆ ಕೊಯ್ಲು. "ಕಣದಲ್ಲಿ ಕಾಫಿ ಹರಡಿದೆ ಭಾವ, ಆಳುಗಳನ್ನ ನೋಡ್ಕೋಬೇಕು, ಈಗ ಬಂದ್ರೆ ಮಾತಾಡೋಕೂ ಪುರ್ಸೊತ್ತಿಲ್ಲ." ಕೊಯ್ಲು ಮುಗಿದರೆ ಕಾಡಾನೆ. ಸಂಜೆ ಮೇಲೆ ಬರಬೇಡಿ, ಆನೆ ತೋಟದಲ್ಲೇ ಇದೆ. ಇಲ್ಲಿ ಹುಟ್ಟಿ ಬೆಳೆದ ಯಾರೂ ಇವನ್ನೆಲ್ಲ ಸುಳ್ಳು ಅನ್ನಲಾರರು. ಒಂದೊಂದೂ ನಿಜವೇ. ಆದರೆ ಒಂದು ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಶುರುವಾಗುತ್ತಿತ್ತು.

ನವೆಂಬರ್‌ನಲ್ಲಿ ಮಾತ್ರ ದಾರಿ ಚೆನ್ನಾಗಿರುತ್ತಿತ್ತು. ಪಿಂಚಣಿದಾರರು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. ಜೀಪಿನಲ್ಲಿ ಅತ್ತೆಯನ್ನು ಬ್ಯಾಂಕಿಗೆ ಕರೆತಂದು, ಕೆಲಸ ಮುಗಿಸಿ, ನೆಂಟರ ಮನೆಗೂ ಬಿಡದೆ ವಾಪಸ್ ಕರೆದುಕೊಂಡು ಹೋಗುತ್ತಿದ್ದ. ಬ್ಯಾಂಕಿನ ಮೆಸೇಜ್ ಬರುವ ನಂಬರೂ ಅವನದೇ ಆಗಿತ್ತು. ಅತ್ತೆಗೆ ಇಲ್ಲದ ನೆಟ್‌ವರ್ಕ್ ಓಟಿಪಿಗೆ ಇತ್ತು, ನೋಡಿ!

ನಮಗೆ ವಿಷಯ ತಿಳಿದದ್ದು ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲು ಮನೆಯ, ಒಬ್ಬ ಹೆಂಗಸಿನಿಂದ. "ಅಮ್ಮಂಗೆ ಒಂದೇ ಹೊತ್ತು ಊಟ ಸಾರ್, ನಾನು ಹೇಳ್ದೆ ಅಂತ ಹೇಳ್ಬೇಡಿ" ಅಂದಳು. ಅವಳ ಹೆಸರನ್ನು ನಾವು ಇವತ್ತಿಗೂ ಎಲ್ಲೂ ಎತ್ತಿಲ್ಲ. ನಿಮಗೂ ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ಅವರನ್ನು ಮುಂದೆ ತಳ್ಳಬೇಡಿ. ಅವರ ಕೂಲಿ, ಮನೆ ಎರಡೂ ಆ ತೋಟದಲ್ಲೇ ಇರುತ್ತದೆ.

ಹೇಳದೆ ಕೇಳದೆ ಹಗಲು ಹೊತ್ತಿನಲ್ಲಿ ಹೋದೆವು. ಅತ್ತೆಯ ಕೋಣೆ ಬಾಗಿಲಿಗೆ ಹೊಸ ಚಿಲಕ ಹಾಕಿದ್ದರು, ಸ್ಕ್ರೂ ಇನ್ನೂ ಹೊಳೆಯುತ್ತಿತ್ತು. ಯಾಕೆ ಅಂದರೆ, "ರಾತ್ರಿ ಎದ್ದು ಅಂಗಳಕ್ಕೆ ಹೋಗ್ಬಿಡ್ತಾರೆ ಭಾವ, ಆನೆ ಬರುತ್ತಲ್ವಾ" ಅಂದ. ಆದರೆ ಚಿಲಕ ಹಾಕಿದ್ದು ಬಾಗಿಲಿನ ಹೊರಗಡೆ, ಮತ್ತು ಆಗ ಮಟಮಟ ಮಧ್ಯಾಹ್ನ. ಒಳಗೆ ಕನ್ನಡಕದ ಒಂದು ಕಡ್ಡಿ ಮುರಿದು ನೂಲು ಸುತ್ತಿತ್ತು. ಬಿಪಿ ಮಾತ್ರೆಯ ಸ್ಟ್ರಿಪ್ ಕಿಟಕಿಯ ಮೇಲೆ ಹಾಗೇ ಇತ್ತು, ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ, ಅದರ ಅವಧಿಯೂ ಮುಗಿದಿತ್ತು. ಮಾತಾಡಿಸಿದರೆ ಪ್ರತಿ ಪ್ರಶ್ನೆಗೂ ಬಾಗಿಲಲ್ಲಿ ನಿಂತ ಸೊಸೆಯೇ ಉತ್ತರ ಕೊಡುತ್ತಿದ್ದಳು.

ಇಲ್ಲಿ ಒಂದು ಮಾತು. ಹಿರಿಯರ ಜೊತೆ ಒಬ್ಬರೇ ಕೂತು ಮಾತಾಡಿ, ಬೇಕಾದರೆ ಏನಾದರೂ ಕಾರಣ ಹೇಳಿ ಉಳಿದವರನ್ನು ಆಚೆ ಕಳಿಸಿ. "ಚೆನ್ನಾಗಿ ನೋಡ್ಕೊಳ್ತಾರಾ" ಅಂತ ಕೇಳಿದರೆ ಹೂಂ ಅಂತಲೇ ಹೇಳುತ್ತಾರೆ. ನಿನ್ನೆ ರಾತ್ರಿ ಏನು ಊಟ, ಸ್ನಾನ ಯಾವಾಗ ಮಾಡಿದ್ದು, ಪಾಸ್‌ಬುಕ್ ಯಾರ ಹತ್ತಿರ ಇದೆ, ಅಂತ ಕೇಳಿ. ನಮ್ಮತ್ತೆ ಮೊದಲು ಅಂದದ್ದು, "ಸುಮ್ನಿರು ಮಗಾ, ಮನೆ ಮಾತು ಬೀದಿಗೆ ಬೇಡ. ಅವನನ್ನ ಬಿಟ್ರೆ ನಂಗ್ಯಾರಿದ್ದಾರೆ?" ಊಟದ ಪ್ರಶ್ನೆಗೆ ಮಾತ್ರ ಸುಳ್ಳು ಹೇಳಲು ಅವರಿಗೆ ಆಗಲಿಲ್ಲ.

ಅಲ್ಲೇ ಜಗಳ ತೆಗೆಯಬೇಡಿ. ನೀವು ಕೂಗಾಡಿ ಕಾರು ಹತ್ತುತ್ತೀರಿ, ರಾತ್ರಿ ಅದೇ ಮನೆಯಲ್ಲಿ ಇರಬೇಕಾದವರು ಅವರು. ನಾವು ಆಸ್ಪತ್ರೆಗೆ ತೋರಿಸಬೇಕು ಅಂತ ಹೇಳಿ ಹೊರಡಿಸಿದೆವು. ಅದೂ ನಿಜವೇ ಆಗಿತ್ತು, ಡಾಕ್ಟರು ತೂಕ, ಬಿಪಿ, ಮಾತ್ರೆ ತಪ್ಪಿರುವುದು ಎಲ್ಲ ಬರೆದುಕೊಟ್ಟರು. ಆ ಚೀಟಿ ಮುಂದೆ ತುಂಬಾ ಕೆಲಸಕ್ಕೆ ಬಂತು. ನೀವೂ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಕೋಣೆಯ ಫೋಟೋ ತೆಗೆದಿಡಿ. ಬ್ಯಾಂಕಿಗೆ ಹಿರಿಯರನ್ನೇ ಕರೆದುಕೊಂಡು ಹೋಗಿ ಮೊಬೈಲ್ ನಂಬರ್ ಬದಲಿಸಿ, ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ, ಸ್ಟೇಟ್‌ಮೆಂಟ್ ತೆಗೆಸಿ.

ಕರೆದುಕೊಂಡು ಬರಲು ಬಿಡದಿದ್ದರೆ, ಅಥವಾ ಜೀವಕ್ಕೆ ಅಪಾಯ ಅನ್ನಿಸಿದರೆ, ಸೀದಾ 112ಕ್ಕೆ ಫೋನ್ ಮಾಡಿ. ಅಷ್ಟು ತುರ್ತು ಇಲ್ಲದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ದುಡ್ಡು ಕೊಡಬೇಕಿಲ್ಲ. ನಮ್ಮ ರಾಜ್ಯದಲ್ಲಿ 1090 ಕೂಡ ಹಿರಿಯರಿಗೇ ಇರುವ ನಂಬರ್. ನೀವು ಮಗನೋ ಮಗಳೋ ಆಗಿರಬೇಕು ಅಂತಿಲ್ಲ, ಪಕ್ಕದ ತೋಟದವರೂ ಫೋನ್ ಮಾಡಬಹುದು. ಠಾಣೆಯಲ್ಲಿ ನಮಗೆ ಒಬ್ಬರು "ಇದು ಮನೆ ವಿಷಯ, ಕೂತು ಮಾತಾಡ್ಕೊಳ್ಳಿ" ಅಂದರು. ದೂರನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಕೇಳಿದ ಮೇಲೆ ಮಾತು ಬದಲಾಯಿತು.

ಮನೆ ವಿಷಯ ಅಲ್ಲವೇ ಅಲ್ಲ. ಇದಕ್ಕೆ 2007ರ ಕಾಯ್ದೆ ಇದೆ, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣದ ಕಾಯ್ದೆ. 60 ತುಂಬಿದ ಯಾರಿಗಾದರೂ ಅನ್ವಯ. ಮಕ್ಕಳಿಲ್ಲದವರು ಆಸ್ತಿ ಪಡೆದಿರುವ ನೆಂಟರಿಂದಲೇ ಜೀವನಾಂಶ ಕೇಳಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಎಲ್ಲರೂ ಎಸಿ ಅನ್ನುವವರಿಗೆ. ನಮ್ಮ ಜಿಲ್ಲೆಯವರು ಮಡಿಕೇರಿಗೆ ಹೋಗಬೇಕು. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಒಪ್ಪಿ ಸೂಚಿಸಿದವರು ಅರ್ಜಿ ಹಾಕಬಹುದು. ಕಾನೂನು ಸಲಹೆ ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಆಸ್ತಿ ಬರೆದುಕೊಟ್ಟಾಗಿದೆ, ಇನ್ನೇನು ಮಾಡೋಕಾಗುತ್ತೆ ಅಂತ ಕೈಚೆಲ್ಲುವವರೇ ಜಾಸ್ತಿ. ಅದೇ ಕಾಯ್ದೆಯ 23ನೇ ಕಲಂ ಓದಿ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇರಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲ ಆಗುವಂತೆ ಓದಬೇಕು ಅಂತ ಹೇಳಿ, ತಾಯಿಯೊಬ್ಬರು ಮಗನಿಗೆ ಕೊಟ್ಟ ದಾನಪತ್ರವನ್ನು ರದ್ದು ಮಾಡಿತು. ನಮ್ಮ ಪುಣ್ಯಕ್ಕೆ ಪತ್ರ ಬರೆಯುವವರು ರೂಢಿಯಂತೆ "ಜೀವಮಾನ ಪರ್ಯಂತ ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು" ಅಂತ ಒಂದು ಸಾಲು ಸೇರಿಸಿದ್ದರು. ಆಗ ಆ ಸಾಲನ್ನು ಯಾರೂ ಗಮನಿಸಿರಲೂ ಇಲ್ಲ. ಈಗ ಅರ್ಜಿ ನಿಂತಿರುವುದೇ ಅದರ ಮೇಲೆ. ವಿಚಾರಣೆ ನಡೆಯುತ್ತಿದೆ, ಅತ್ತೆ ನಮ್ಮ ಜೊತೆ ಕುಶಾಲನಗರದಲ್ಲಿದ್ದಾರೆ.

ಇನ್ನೂ ಏನೂ ಬರೆದುಕೊಡದವರು ಉಯಿಲು ಬರೆಯಿರಿ. ಅದು ಜಾರಿಗೆ ಬರುವುದು ಬರೆದವರು ಹೋದಮೇಲೆ, ಬೇಕಾದಾಗ ಬದಲಿಸಬಹುದು. ದಾನಪತ್ರವೇ ಆಗಬೇಕು ಅಂದರೆ ಆ ಸಾಲನ್ನು ಬಾಯಿಬಿಟ್ಟು ಕೇಳಿ ಬರೆಸಿ, ಸಹಿಗೆ ಮೊದಲು ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ. ಈಗಾಗಲೇ ಕೊಟ್ಟಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ, ಅದರಲ್ಲಿ ಷರತ್ತು ಇದೆಯಾ ನೋಡಿ. ಮೂಲ ಪತ್ರ ಆಸ್ತಿ ಪಡೆದವರ ಬೀರುವಿನಲ್ಲೇ ಇರುತ್ತದೆ, ಕೇಳಿದರೆ ಕೊಡುವುದಿಲ್ಲ.