ಕಲ್ಲುಬಂಡೆಯ ಹಳ್ಳದಲ್ಲಿ ಅನಿಲ ವಿನಿಮಯ ಅಳೆಯಲು: ತೇಲುವ ಡಬ್ಬಿಯೋ, ಆರ್ಗಾನೋ?

ಮಡುವಿನಲ್ಲಿ ನೀರು ಕನ್ನಡಿಯಂತೆ ನಿಂತಿರುತ್ತದೆ. ನಾಲ್ಕು ಹೆಜ್ಜೆ ಕೆಳಗೆ, ಬಂಡೆಯಿಂದ ಧುಮುಕುವಲ್ಲಿ, ಬಿಳಿ ನೊರೆ. ನೀರಿಗೂ ಗಾಳಿಗೂ ನಡುವೆ ಅನಿಲ ಭರದಿಂದ ದಾಟುವುದು ಆ ನೊರೆಯಲ್ಲೇ.

ತೇಲುವ ಡಬ್ಬಿ, ಅಂದರೆ ನೀರಿನ ಮೇಲೆ ಬೋರಲಾಗಿ ಕೂತು ಒಳಗೆ ಸೇರುವ ಅನಿಲವನ್ನು ಅಳೆಯುವ ಪಾತ್ರೆ, ಅಗ್ಗ. ಸಮತಟ್ಟಾದ ನಿಧಾನ ಹರಿವಿಗೆ ಅದು ಸಾಕು, ನೀರಿನ ಜೊತೆ ತೇಲಲು ಬಿಟ್ಟರೆ. ಹಗ್ಗ ಕಟ್ಟಿ ನಿಲ್ಲಿಸಿದರೆ ಅಂಚಿನಲ್ಲಿ ಸುಳಿ ಎದ್ದು ಅಳತೆ ಹೆಚ್ಚಾಗಿ ಬರುತ್ತದೆ. ನೊರೆಯಲ್ಲಂತೂ ಡಬ್ಬಿ ನಿಲ್ಲುವುದೇ ಇಲ್ಲ. ಮಡುಗಳನ್ನಷ್ಟೇ ಅಳೆದರೆ ಇಡೀ ಹಳ್ಳದ ಲೆಕ್ಕ ತೀರಾ ಕಡಿಮೆಯಾಗುತ್ತದೆ.

ಯಾವ ವಿಧಾನ ಬೇಕೆಂದು ತಿಳಿಯಲು ಮೊದಲು ಇಳಿಜಾರು, ನೀರಿನ ವೇಗ, 9.8 (ಗುರುತ್ವ ವೇಗೋತ್ಕರ್ಷ) ಮೂರನ್ನೂ ಗುಣಿಸಿ. ಉತ್ತರ ಸುಮಾರು 0.02 ದಾಟಿದರೆ ಗುಳ್ಳೆಗಳದೇ ಮೇಲುಗೈ. 100 ಮೀಟರಿಗೆ 5 ಮೀಟರ್ ಇಳಿದು, ಸೆಕೆಂಡಿಗೆ 0.3 ಮೀಟರ್ ಹರಿಯುವ ಹಳ್ಳಕ್ಕೆ 0.15 ಬರುತ್ತದೆ. ಅಲ್ಲಿ ಆರ್ಗಾನ್ ಎಂಬ ಜಡ ಅನಿಲವನ್ನೂ ಉಪ್ಪುನೀರನ್ನೂ ಒಟ್ಟಿಗೆ ಬಿಟ್ಟು, ಕೆಳಗೆ ಹೋಗುತ್ತ ಆರ್ಗಾನ್ ಎಷ್ಟು ಕಡಿಮೆಯಾಯಿತೆಂದು ನೋಡುವುದೇ ಸರಿ, ಅದನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಉಪಕರಣದ ಖರ್ಚಿದ್ದರೂ. ಉಪ್ಪು ಗಾಳಿಗೆ ಹೋಗದು. ಒರತೆ ನೀರು ಸೇರಿ ಎಷ್ಟು ತೆಳುವಾಯಿತೆಂದು ಅದರಿಂದಲೇ ಗೊತ್ತಾಗುತ್ತದೆ. ಎಡ, ನಡು, ಬಲ ಮೂರೂ ಕಡೆ ವಿದ್ಯುತ್ ವಾಹಕತೆ ಒಂದೇ ಬರುವ, ಅಂದರೆ ಉಪ್ಪು ಸಮನಾಗಿ ಬೆರೆತ, ಜಾಗದಲ್ಲಿ ಮೊದಲ ಮಾದರಿ ತೆಗೆಯಿರಿ. ಕೆಳಗೆ ಮುಂದಿನ ಮಾದರಿ ತೆಗೆಯುವ ಜಾಗ ತೀರಾ ದೂರವಾದರೆ ಅಳೆಯಲು ಆರ್ಗಾನ್ ಉಳಿದಿರುವುದಿಲ್ಲ.

ಒಂದು ಎಚ್ಚರಿಕೆ: ಆರ್ಗಾನ್ ನೀರಿನಲ್ಲಿ ಕರಗುವುದು ಕಡಿಮೆ, ಗುಳ್ಳೆಗೆ ಬೇಗ ಸೇರುತ್ತದೆ. ಅದರ ವಿನಿಮಯ ವೇಗವನ್ನು ಷ್ಮಿಟ್ ಸಂಖ್ಯೆಯಿಂದಷ್ಟೇ (ನೀರಿನ ಸ್ನಿಗ್ಧತೆಗೂ ಅನಿಲ ಅದರಲ್ಲಿ ಹರಡುವ ದರಕ್ಕೂ ಇರುವ ಅನುಪಾತ) ಪರಿವರ್ತಿಸಿದರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಉಬ್ಬುತ್ತದೆ.